ಮನೆಯೊಡೆಯರ ಹೊಣೆ

ತಲೆಯ ಮೇಲೊಂದು ಸೂರನ್ನು ಒದಗಿಸಿದ ಮಾತ್ರಕ್ಕೆ ಮನೆಯೊಡೆಯನ ಧರ್ಮವು ಮುಗಿಯಲಿಲ್ಲ. ಆ ಸೂರಿನ ಕೆಳಗೆ ಮನುಷ್ಯನು ಬದುಕುವಂತಿರಬೇಕು. ಇಂಗ್ಲೆಂಡಿನಲ್ಲಿ ಸುಮಾರು 40 ಲಕ್ಷ ಕುಟುಂಬಗಳು ಪುರಸಭೆಗಳೂ ಗೃಹಸಂಘಗಳೂ ಕಡಮೆ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ವಾಸಿಸುತ್ತಿವೆ. ಈ ಸರಳ ತತ್ತ್ವವನ್ನು ಅಲ್ಲಿ ಕಾಯಿದೆಯ ರೂಪಕ್ಕೆ ತರಲು ಆ ದೇಶವು ತೆತ್ತ ಬೆಲೆಯನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

2017ನೆಯ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರವು ಹೊತ್ತಿ ಉರಿದು 72 ಮಂದಿ ಮಡಿದರು. ಬೆಂಕಿಯ ಭಯವನ್ನು ನಿವಾಸಿಗಳು ಮೊದಲೇ ಸಾರಿ ಹೇಳಿದ್ದರು, ಕಿವಿಗೊಟ್ಟವರಿಲ್ಲ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಆವಾಬ್ ಇಷಾಕ್ ಎಂಬ ಎರಡು ವರ್ಷದ ಕೂಸು ಮನೆಗೋಡೆಯ ಬೂಷ್ಟಿನಿಂದ ಉಸಿರಾಟ ಕೆಟ್ಟು ಅಸುನೀಗಿತು. ತಂದೆಯು 2017ರಲ್ಲಿಯೇ ದೂರಿತ್ತಿದ್ದನು; ಬೂಷ್ಟಿನ ಮೇಲೆ ಬಣ್ಣ ಬಳಿಯೆಂಬುದೇ ಅವನಿಗೆ ದೊರೆತ ಉತ್ತರ. ಆ ಕುಟುಂಬದ ಜೀವನಕ್ರಮವೇ ಬೂಷ್ಟಿಗೆ ಕಾರಣವೆಂದು ಒಡೆಯರು ಭಾವಿಸಿದ್ದರು. ಬಡವನ ದೂರಿಗೆ ಬಡವನನ್ನೇ ಹೊಣೆಮಾಡುವ ಚಾಳಿಯು ಎಲ್ಲಿಯೂ ಹೊಸದಲ್ಲ.

ಆಗ ಕಾಯಿದೆಯು ಏನು ಮಾಡುತ್ತಿತ್ತು? ಬಾಡಿಗೆದಾರರಿಗೆ ಗುರುತರವಾದ ಹಾನಿ ಒದಗಿದ, ಇಲ್ಲವೆ ಒದಗುವ ಸಂಭವವಿದ್ದ ಹೊರತು, ಇಂಥ ದೂರುಗಳಲ್ಲಿ ನಿಯಂತ್ರಣಾಧಿಕಾರಿಯು ಕೈಹಾಕುವಂತಿರಲಿಲ್ಲ. 2023ನೆಯ ಜುಲೈ ತಿಂಗಳಲ್ಲಿ ಅಂಗೀಕೃತವಾದ ಸಾಮಾಜಿಕ ವಸತಿ ನಿಯಂತ್ರಣ ಕಾಯಿದೆಯು ಈ ಅಡ್ಡಿಯನ್ನು ಕಿತ್ತೊಗೆಯಿತು. ಸಾವಿರಕ್ಕೆ ಮೇಲ್ಪಟ್ಟು ಮನೆಗಳುಳ್ಳ ಒಡೆಯರನ್ನು ನಾಲ್ಕು ವರ್ಷಗಳಿಗೊಮ್ಮೆ ತನಿಖೆಮಾಡಿ ದರ್ಜೆಯನ್ನು ಪ್ರಕಟಿಸುವ ಏರ್ಪಾಡು 2024ರ ಏಪ್ರಿಲಿನಲ್ಲಿ ಮೊದಲಾಯಿತು, ದಂಡಕ್ಕೆ ಮೇಲ್ಮಿತಿಯಿಲ್ಲ. ಆ ಕೂಸಿನ ಹೆಸರನ್ನೇ ಹೊತ್ತ ನಿಯಮಗಳು 2025ರ ಅಕ್ಟೋಬರ್ 27ರಂದು ಜಾರಿಗೆ ಬಂದವು. ತುರ್ತಿನ ಅಪಾಯವನ್ನು 24 ಗಂಟೆಗಳೊಳಗೆ ನಿವಾರಿಸಬೇಕು; ಆರೋಗ್ಯಕ್ಕೆ ಕೇಡೊಡ್ಡುವ ತೇವ, ಬೂಷ್ಟುಗಳನ್ನು 10 ಕೆಲಸದ ದಿನಗಳೊಳಗೆ ಪರೀಕ್ಷಿಸಿ, ಅನಂತರ 5 ಕೆಲಸದ ದಿನಗಳೊಳಗೆ ಮನೆಯನ್ನು ನಿರಪಾಯಗೊಳಿಸಬೇಕು. ತಪ್ಪಿದರೆ ಬಾಡಿಗೆದಾರನು ನ್ಯಾಯಾಲಯದ ಮೆಟ್ಟಿಲೇರಬಹುದು.

ರಿಪೇರಿಗೆ ಹಣವೆಲ್ಲಿಯದೆಂದು ಒಡೆಯರು ಕೇಳುವುದುಂಟು. ಪ್ರಶ್ನೆಯು ಹುಸಿಯಲ್ಲ, 2016ರಿಂದ ನಾಲ್ಕು ವರ್ಷ ಬಾಡಿಗೆಯನ್ನು ವರ್ಷಕ್ಕೆ ಶೇಕಡಾ 1ರಂತೆ ಇಳಿಸಬೇಕೆಂದು ಸರಕಾರವೇ ಕಟ್ಟುಮಾಡಿದ್ದಿತು. ಹೊಣೆಯನ್ನು ಹೊರಿಸುವ ಸರಕಾರವು ಅದನ್ನು ಹೊರುವ ಶಕ್ತಿಯನ್ನೂ ಉಳಿಸಬೇಕು. ಆದರೆ ಹಣದ ಕೊರತೆಯು ದೂರಿಗೆ ಉತ್ತರವನ್ನೇ ಕೊಡದಿರಲು ನೆವವಾಗಲಾರದು.

ಈ ನಿಯಮಗಳ ಸತ್ತ್ವವೆಲ್ಲ ಆ ದಿನಗಳ ಎಣಿಕೆಯಲ್ಲಿದೆಯೆಂದು ನಾವು ಭಾವಿಸುತ್ತೇವೆ. ಗಡುವಿಲ್ಲದ ಕರ್ತವ್ಯವು ಒಡೆಯನ ಕೃಪೆಯಾಗಿ ಉಳಿಯುತ್ತದೆ. ಗಡುವುಳ್ಳ ಕರ್ತವ್ಯವು ಬಾಡಿಗೆದಾರನ ಹಕ್ಕಾಗುತ್ತದೆ. ತನಿಖೆಯವನು ನಾಲ್ಕು ವರ್ಷಕ್ಕೊಮ್ಮೆ ಬಂದಾನು. ಮನೆಯಲ್ಲಿರುವವನು ಪ್ರತಿದಿನವೂ ಗೋಡೆಯನ್ನು ನೋಡುತ್ತಾನೆ. ಅವನ ದೂರೇ ಮೊದಲನೆಯ ತನಿಖೆಯೆಂಬುದನ್ನು ಅಧಿಕಾರಸ್ಥರು ಮರೆಯದಿರಲಿ.