ಕೆಸರಲ್ಲಿ ಕಾದ ಮೊಟ್ಟೆ, ಬಾನಲ್ಲಿ ಸಿಕ್ಕ ಸುಳಿವು

ಏಡಿಸ್ ಜಾತಿಯ ಒಂದು ಸೊಳ್ಳೆ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರು ಇಂಗಿದ ಮೇಲಿನ ಹಸಿ ಕೆಸರಿನಲ್ಲಿ. ಕೀನ್ಯಾದ ಹುಲ್ಲುಗಾವಲುಗಳಲ್ಲಿ ತಟ್ಟೆಯಂತೆ ತಗ್ಗಾದ ಜಾಗಗಳಿವೆ, ಅವಕ್ಕೆ ‘ಡಾಂಬೊ’ ಎನ್ನುತ್ತಾರೆ. ಅಲ್ಲಿನ ಕೆಸರು ಒಣಗಿ ಬಿರುಕುಬಿಟ್ಟರೂ ಈ ಸೊಳ್ಳೆಯ ಮೊಟ್ಟೆ ವರ್ಷಗಟ್ಟಲೆ ಸಾಯದೆ ಕಾಯುತ್ತದೆ. ತಾಯಿಸೊಳ್ಳೆಯಿಂದ ಬಂದ ರಿಫ್ಟ್ ವ್ಯಾಲಿ ಜ್ವರದ ವೈರಸ್ಸೂ ಅದರೊಳಗೇ ಕಾಯುತ್ತದೆ. ಎಷ್ಟೋ ವರ್ಷಕ್ಕೊಮ್ಮೆ ಮಳೆ ಬಿಡದೆ ಹಿಡಿದು ಡಾಂಬೊ ತುಂಬಿ ನಿಂತಿತೋ, ಮೊಟ್ಟೆಗಳೆಲ್ಲ ಒಟ್ಟಿಗೇ ಒಡೆಯುತ್ತವೆ. ಆಮೇಲೆ ಆ ಸೊಳ್ಳೆಗಳು ಕಚ್ಚಿದ ಕುರಿ, ದನಗಳು ಕಂದು ಹಾಕುತ್ತವೆ, ಎಳೆಮರಿಗಳು ಸಾಲುಸಾಲಾಗಿ ಸಾಯುತ್ತವೆ. ರೋಗ ತಗುಲಿದ ಪ್ರಾಣಿಯನ್ನು ಕೊಯ್ದವರಿಗೆ, ಅದರ ಹೆರಿಗೆ ಮಾಡಿಸಿದವರಿಗೆ ರಕ್ತದ ಮೂಲಕ ಜ್ವರ ಅಂಟುತ್ತದೆ.

ಈ ವೈರಸ್ಸನ್ನು ಗುರುತಿಸಿದ್ದು 1931ರಲ್ಲಿ, ಕೀನ್ಯಾದ ರಿಫ್ಟ್ ಕಣಿವೆಯ ಒಂದು ಕುರಿ ಫಾರ್ಮಿನಲ್ಲಿ. ಭಾರೀ ಮಳೆಗೂ ರೋಗಕ್ಕೂ ಇರುವ ನಂಟು 1980ರ ದಶಕದ ಹೊತ್ತಿಗೆ ಸ್ಪಷ್ಟವಾಯಿತು. ಆದರೆ ಅಷ್ಟು ವಿಶಾಲವಾದ ಸೀಮೆಯಲ್ಲಿ ಯಾವ ತಗ್ಗು ತುಂಬಿದೆ ಎಂದು ಹೋಗಿ ನೋಡುವವರು ಯಾರು?

ಕೀಟವಿಜ್ಞಾನಿ ಕೆನೆತ್ ಲಿಂಥಿಕಮ್ ಮತ್ತು ಸಂಗಡಿಗರು 1987ರಲ್ಲಿ ಈ ಕೆಲಸಕ್ಕೆ ಹಚ್ಚಿದ್ದು ಹವಾಮಾನ ಉಪಗ್ರಹವನ್ನು. ಉಪಗ್ರಹಕ್ಕೆ ಸೊಳ್ಳೆ ಕಾಣುವುದಿಲ್ಲ, ಹುಲ್ಲು ಕಾಣುತ್ತದೆ. ಚಿಗುರಿದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚೆಲ್ಲುತ್ತದೆ. ಎರಡರ ಅಂತರ ಅಳೆದರೆ ನೆಲ ಎಷ್ಟು ಹಸಿರಾಗಿದೆ ಎಂದು ತಿಳಿಯುತ್ತದೆ. ಒಣಸೀಮೆ ಎಂದೂ ಇಲ್ಲದಷ್ಟು ಹಸಿರಾಗಿದ್ದರೆ ಅಲ್ಲಿನ ಕೆಸರೂ ತೊಯ್ದಿದೆ ಎಂದೇ ಲೆಕ್ಕ. ಇಷ್ಟು ಸರಳವಾದ ಸುಳಿವಿನಿಂದ ಇಂಥ ರೋಗದ ಜಾಡು ಹಿಡಿದದ್ದು ನನಗೆ ಇಂದಿಗೂ ಬೆರಗು.

1997–98ರಲ್ಲಿ, ಶಾಂತ ಸಾಗರ ಬಿಸಿಯೇರುವ ‘ಎಲ್ ನಿನೊ’ ತಂದ ಮಳೆಯ ಬೆನ್ನಿಗೇ ಪೂರ್ವ ಆಫ್ರಿಕಾದಲ್ಲಿ ರೋಗ ಭುಗಿಲೆದ್ದಿತು. ಲಿಂಥಿಕಮ್, ನಾಸಾದ ಅಸಾಫ್ ಅನ್ಯಾಂಬಾ, ಕಾಂಪ್ಟನ್ ಟಕರ್ ಮೊದಲಾದವರು ಹಸಿರಿನ ಲೆಕ್ಕದ ಜೊತೆಗೆ ಶಾಂತ ಸಾಗರ ಮತ್ತು ಹಿಂದೂ ಮಹಾಸಾಗರಗಳ ಬಿಸಿಯನ್ನೂ ಸೇರಿಸಿ, ಐದು ತಿಂಗಳು ಮೊದಲೇ ಮುನ್ಸೂಚನೆ ಕೊಡಬಹುದು ಎಂದು 1999ರಲ್ಲಿ ತೋರಿಸಿದರು.

2006ರಲ್ಲಿ ಸಮುದ್ರ ಮತ್ತೆ ಬಿಸಿಯೇರಿತು. ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಚ್ಚರಿಕೆ ಕಳಿಸಿತು. ಡಿಸೆಂಬರ್‌ನಲ್ಲಿ ಕೀನ್ಯಾದ ಗರಿಸ್ಸಾದಲ್ಲಿ ರೋಗ ಖಚಿತವಾಯಿತು. ಲೆಕ್ಕ ತಪ್ಪಿರಲಿಲ್ಲ. ಆದರೂ ಕೀನ್ಯಾ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ದನಕರುಗಳಿಗೆ ಲಸಿಕೆ ಶುರುವಾದದ್ದು ಜನವರಿಯಲ್ಲಿ. ಈ ರೋಗಕ್ಕೆ ಲಸಿಕೆ ಮೊದಲೇ ಬೀಳಬೇಕು. ರೋಗ ಹಬ್ಬಿದ ಮೇಲೆ ಒಂದೇ ಸೂಜಿಯನ್ನು ಹಲವು ಪ್ರಾಣಿಗಳಿಗೆ ಚುಚ್ಚುತ್ತ ಹೋದರೆ ಆ ಸೂಜಿಯೇ ವೈರಸ್ಸನ್ನು ಹಂಚುತ್ತದೆ.

ಗರಿಸ್ಸಾ ಸೀಮೆಯ ಸೋಮಾಲಿ ಕುರಿಗಾಹಿಗಳು ಈ ರೋಗವನ್ನು ‘ಸಂಡಿಕ್’ ಎನ್ನುತ್ತಾರೆ. ಮೂಗಿನಲ್ಲಿ ರಕ್ತ ಎಂದರ್ಥ. ಆ ಸಲ ಮಳೆ ನಿಲ್ಲದ್ದು, ಸೊಳ್ಳೆ ಮೋಡದಂತೆ ಎದ್ದದ್ದು, ಕುರಿಗಳು ಕಂದು ಹಾಕತೊಡಗಿದ್ದು, ಎಲ್ಲವನ್ನೂ ಕಂಡು ಅವರು ಸಂಡಿಕ್ ಬಂತೆಂದು ಸರಿಯಾಗಿಯೇ ಊಹಿಸಿದ್ದರು. ಸಂಶೋಧಕರು ಅವರ ಜೊತೆ ಕೂತು ಇದನ್ನು ಕೇಳಿ ಬರೆದುಕೊಂಡದ್ದು ರೋಗ ಇಳಿದ ಮೇಲೆ.