ಕಾಯಬೇಕಾದ ಸುರುಳಿ, ಕಾಯಬಾರದ ತಂತಿ



ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ನಿಮಗಿದ್ದರೆ, ಅವರ ಮನೆಯ ಮೂಲೆಯಲ್ಲೋ ಅಟ್ಟದಲ್ಲೋ ಬೀರುವಿನಂಥ ತಗಡಿನ ಪೆಟ್ಟಿಗೆಯೊಂದು ಇರಬಹುದು. ಅದೇ ಏರ್ ಹ್ಯಾಂಡ್ಲರ್. ಅದರೊಳಗಿನ ಫ್ಯಾನು ಮನೆಯ ಗಾಳಿಯನ್ನು ಎಳೆದುಕೊಂಡು, ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಕಳುಹಿಸುತ್ತದೆ. ಚಳಿಗಾಲದಲ್ಲಿ, ಅನೇಕ ಮನೆಗಳಲ್ಲಿ, ಈ ಗಾಳಿ ಕಾದ ನೈಕ್ರೋಮ್ ಸುರುಳಿಗಳ ನಡುವೆ ಹಾದು ಬೆಚ್ಚಗಾಗುತ್ತದೆ. ನಮ್ಮ ಇಸ್ತ್ರಿಪೆಟ್ಟಿಗೆಯ ಸುರುಳಿಗೆ ಇವು ದೊಡ್ಡಣ್ಣಂದಿರು ಎನ್ನಿ.

ಈ ಸುರುಳಿಗಳಿಗೆ ವಿದ್ಯುತ್ ಕೊಡುವುದರಲ್ಲೇನು ಮಹಾ? ಲೆಕ್ಕ ಹಾಕಿ ನೋಡೋಣ. 10 ಕಿಲೋವ್ಯಾಟ್ ಹೀಟರ್ ಅಲ್ಲಿ ಸಾಮಾನ್ಯ. ಹಿಂದೆ ನಮ್ಮ ಸ್ಟುಡಿಯೋಗಳಲ್ಲಿದ್ದ 1 ಕಿಲೋವ್ಯಾಟ್ ದೀಪದ ಕೆಳಗೆ ಕುಳಿತು ಬೆವರಿದವರಿಗೆ ಇದರ ಅಂದಾಜು ಸಿಕ್ಕೀತು: ಅಂಥ ಹತ್ತು ದೀಪಗಳು! ಅಲ್ಲಿನ ಮನೆಗಳಿಗೆ ಎರಡು ಲೈನ್ ತಂತಿಗಳು ಬರುತ್ತವೆ. ಒಂದೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್. ಎರಡು ಲೈನ್‌ಗಳ ನಡುವೆ 240. ಹೀಟರ್‌ಗೆ ಈ 240 ವೋಲ್ಟನ್ನೇ ಕೊಡುತ್ತಾರೆ. 10,000ವನ್ನು 240ರಿಂದ ಭಾಗಿಸಿದರೆ ಸುಮಾರು 42 ಆಂಪಿಯರ್. ನಮ್ಮ 2 ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪಿಯರ್‌ಗೂ ಕಡಿಮೆ.

ಇಲ್ಲೇ ಇರುವುದು ಮರ್ಮ. ಸುರುಳಿಯಲ್ಲಿ ಹರಿಯುವ ಅದೇ 42 ಆಂಪಿಯರ್ ತಂತಿಯಲ್ಲೂ ಹರಿಯಬೇಕು, ತಂತಿಯನ್ನು ಹಿಡಿದಿರುವ ಪುಟ್ಟ ಸ್ಕ್ರೂವಿನ ಬಳಿಯೂ ಹಾಯಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಹುಟ್ಟುವ ಶಾಖ ಎಷ್ಟೆಂದು ತಿಳಿಯುತ್ತದೆಂದು ಜೂಲ್ ನಿಯಮದಲ್ಲಿ ಓದಿದ್ದೀರಿ. ಸ್ಕ್ರೂ ಸಡಿಲವಾಗಿ ಅಲ್ಲಿ 0.1 ಓಮ್ ರೋಧ ಉಂಟಾದರೆ? 42 × 42 × 0.1, ಅಂದರೆ 176 ವ್ಯಾಟ್. ಬಟಾಣಿ ಕಾಳಿನಷ್ಟು ಜಾಗದಲ್ಲಿ!

ಒಮ್ಮೆ ನಮ್ಮ ಮನೆಯ ಗೀಸರ್ ಪ್ಲಗ್ಗಿನಿಂದ ಸುಟ್ಟ ವಾಸನೆ ಬಂತು. ಕಿತ್ತು ನೋಡಿದರೆ ಒಂದು ಪಿನ್ನು ಕಪ್ಪಗಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿತ್ತು. ಸ್ಕ್ರೂವನ್ನು ಯಾರೋ ಸರಿಯಾಗಿ ಬಿಗಿದಿರಲಿಲ್ಲ. ನನಗೆ ಆಶ್ಚರ್ಯವಾದದ್ದು ಫ್ಯೂಸ್ ಹೋಗದೇ ಇದ್ದದ್ದು. ವಿಜ್ಞಾನ ಓದಿದವನು ಆಶ್ಚರ್ಯಪಡಬಾರದಿತ್ತು. ಫ್ಯೂಸ್ ಆಗಲಿ ಬ್ರೇಕರ್ ಆಗಲಿ ಗಮನಿಸುವುದು ಪ್ರವಾಹ ಮಿತಿ ಮೀರಿತೇ ಎಂಬುದನ್ನು. ಸಡಿಲ ಸ್ಕ್ರೂವಿನಿಂದ ಪ್ರವಾಹ ಹೆಚ್ಚುವುದಿಲ್ಲ. ಪಾಪ, ಅದಕ್ಕೇನು ಗೊತ್ತು?

ಹೀಟರ್ ಗಂಟೆಗಟ್ಟಲೆ ಉರಿಯುವುದರಿಂದ ಅಮೆರಿಕದ ವಿದ್ಯುತ್ ಸಂಹಿತೆ ಪ್ರವಾಹವನ್ನು ಶೇ. 125 ಎಂದು ಎಣಿಸಿ ತಂತಿ ಆರಿಸಲು ಹೇಳುತ್ತದೆ. 42 ಹೀಗೆ 52 ಆಗುತ್ತದೆ, ಮೇಲೆ ಫ್ಯಾನಿನದೂ ಸೇರಬೇಕು. ಹಾಗಾಗಿ 60 ಆಂಪಿಯರ್ ಬ್ರೇಕರ್, ಸುಮಾರು 13 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಅಲ್ಲಿ ರೂಢಿ.

ಫ್ಯಾನು ನಿಂತು ಸುರುಳಿ ಮಾತ್ರ ಕಾದರೆ ಇನ್ನೊಂದು ಗಂಡಾಂತರ. ಶಾಖವನ್ನು ಒಯ್ಯುವವರೇ ಇಲ್ಲ. ಆದ್ದರಿಂದ ಗೋಡೆಯ ಥರ್ಮೋಸ್ಟಾಟ್ 24 ವೋಲ್ಟಿನ ಸಂಕೇತ ಕಳುಹಿಸಿದಾಗ ಫ್ಯಾನೂ ಓಡುವಂತೆ ವೈರಿಂಗ್ ಇರುತ್ತದೆ. ಹಲವು ಪೆಟ್ಟಿಗೆಗಳಲ್ಲಿ ಸೀಕ್ವೆನ್ಸರ್ ಎಂಬ ಸಾಧನವಿದ್ದು, ಅದರೊಳಗಿನ ದ್ವಿಲೋಹದ ಬಿಲ್ಲೆ ನಿಧಾನವಾಗಿ ಬಾಗುತ್ತ ಸುರುಳಿಗಳನ್ನು ಒಂದಾದ ಮೇಲೊಂದರಂತೆ ಹೊತ್ತಿಸುತ್ತದೆ. ಇಷ್ಟಾದರೂ ಫ್ಯಾನು ಕೈಕೊಟ್ಟರೆ, ಶಾಖ ಮಿತಿ ಮೀರಿದಾಗ ಲಿಮಿಟ್ ಸ್ವಿಚ್ ಹೀಟರನ್ನು ಆರಿಸುತ್ತದೆ. ಅದೂ ಸೋತರೆ, ಒಮ್ಮೆ ಕರಗಿ ತನ್ನನ್ನೇ ಬಲಿಕೊಡುವ ಶಾಖ ಫ್ಯೂಸ್ ಇದೆ.

15 ಕಿಲೋವ್ಯಾಟ್ ಹೀಟರ್ ಆದರೆ 62.5 ಆಂಪಿಯರ್. ಒಂದು ಮಂಡಲಕ್ಕೆ 48 ಆಂಪಿಯರ್ ಮೀರಿದ ಹೀಟರ್ ಹೊರೆ ಹಾಕಬಾರದೆಂಬ ನಿಯಮವಿರುವುದರಿಂದ ಅದನ್ನು ಎರಡು ಮಂಡಲಗಳಾಗಿ ಒಡೆಯುತ್ತಾರೆ. ಎರಡು ಬ್ರೇಕರ್‌ಗಳು, ಒಂದೇ ಪೆಟ್ಟಿಗೆ. ಒಂದನ್ನು ಆರಿಸಿ, ಫ್ಯಾನು ನಿಂತದ್ದನ್ನು ಕಂಡು, ಎಲ್ಲವೂ ನಿಂತಿತೆಂದು ಮುಚ್ಚಳ ತೆಗೆದವರ ಎದುರಿಗೆ ಇನ್ನೊಂದು ಮಂಡಲದ 240 ವೋಲ್ಟ್ ಹಾಗೆಯೇ ಇರುತ್ತದೆ. ಅನುಭವಸ್ಥ ಎಲೆಕ್ಟ್ರಿಷಿಯನ್ ಎರಡನ್ನೂ ಆರಿಸಿ, ಮೀಟರ್ ಹಚ್ಚಿ ಸೊನ್ನೆ ಕಂಡ ಮೇಲೆಯೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾನೆ.