ಹುಣಸೆ ಮರದ ನೆತ್ತಿಯಲ್ಲಿ ಹೆಜ್ಜಾರ್ಲೆ ಮರಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಿರುವ ಕೊಕ್ಕರೆ ಬೆಳ್ಳೂರಿಗೆ ಫೆಬ್ರವರಿಯಲ್ಲಿ ಒಮ್ಮೆ ಹೋಗಿ ನೋಡಿರಿ. ಹಿತ್ತಿಲಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡುಗಳು. ಕೆಳಗೆ ಜನರ ಓಡಾಟ, ದನಕರು. ನಾಲ್ಕೈದು ಕಿಲೋ ತೂಗುವ ಹಕ್ಕಿ ಊರ ನಡುವೆ ಮರಿ ಮಾಡುವುದು ಅಪರೂಪದ ಸಂಗತಿ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರಿನವರಿಗಂತೂ ಇದು ಅಜ್ಜ ಮುತ್ತಜ್ಜಂದಿರ ಕಾಲದ ನೆಂಟಸ್ತಿಕೆ.

ಹೆಜ್ಜಾರ್ಲೆ ಸಾಮಾನ್ಯವಾಗಿ ಮೂರು ನಾಲ್ಕು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಡುತ್ತವೆ. ಕೋಳಿಯಂತೆ ಎದೆಯಿಂದಲ್ಲ, ಜಾಲಪಾದದಿಂದ. ಹೀಗಾಗಿ ತಾಯಿ ತಂದೆಯ ಭಾರ ಮೊಟ್ಟೆಯ ಮೇಲೆಯೇ ಬೀಳುತ್ತದೆ; ಚಿಪ್ಪು ಗಟ್ಟಿಯಾಗಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯ ತೀರದ ಅನಕಾಪಾ ದ್ವೀಪದಲ್ಲಿ 1970ರಲ್ಲಿ ಕಂದು ಹೆಜ್ಜಾರ್ಲೆಗಳ 552 ಗೂಡುಗಳಿಂದ ಉಳಿದದ್ದು ಒಂದೇ ಮರಿ. ಡಿ.ಡಿ.ಟಿ. ವಿಷವು ಮೀನಿನ ಮೂಲಕ ಹಕ್ಕಿಯ ಮೈಸೇರಿ ಚಿಪ್ಪು ತೆಳುವಾಗಿತ್ತು; ಕಾವಿಗೆ ಕೂತ ಹಕ್ಕಿಯ ಕಾಲಡಿಯಲ್ಲೇ ಮೊಟ್ಟೆಗಳು ಒಡೆದವು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಷೇಧವಾಯಿತು. ಆದರೂ ಸಿಂಪರಣೆಯ ಡಬ್ಬ, ಪಂಪುಗಳನ್ನು ಕೆರೆಯಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ದಯವಿಟ್ಟು ಬಿಡಿರಿ.

ಸುಮಾರು 30ರಿಂದ 33 ದಿನಗಳಿಗೆ ಮರಿ ಹೊರಬರುತ್ತದೆ. ಕೋಳಿಮರಿಯಂತೆ ಆ ದಿನವೇ ಓಡಾಡುವುದಿಲ್ಲ. ಮೈಮೇಲೆ ಒಂದು ಪುಕ್ಕವೂ ಇಲ್ಲದ, ನಿಲ್ಲಲಾರದ ಮಾಂಸದ ಮುದ್ದೆ ಅದು. ಬಿಸಿಲಿಗೆ ಬಿಟ್ಟರೆ ಬದುಕದು. ಆದುದರಿಂದ ದೊಡ್ಡ ಹಕ್ಕಿ ನೆರಳಾಗಿ ನಿಲ್ಲುತ್ತದೆ. ಆಮೇಲೆ ಬಿಳಿಯ ನವಿರು ತುಪ್ಪಳ ಬರುತ್ತದೆ. ಮೊದಮೊದಲು ತಾಯಿ ತಂದೆ ಅರೆ ಜೀರ್ಣವಾದ ಮೀನನ್ನು ಕಕ್ಕಿ ಕೊಡುತ್ತವೆ. ಸ್ವಲ್ಪ ಬಲಿತ ಮರಿ ತಾನೇ ತಲೆಯನ್ನು ದೊಡ್ಡ ಹಕ್ಕಿಯ ಗಂಟಲೊಳಗೆ ತೂರಿಸಿ ತಿನ್ನುತ್ತದೆ. ಕೊಕ್ಕಿನ ಕೆಳಗಿನ ಚೀಲ ಮೀನು ಹೊತ್ತು ತರಲು ಎಂದು ಅನೇಕರು ತಿಳಿದಿದ್ದಾರೆ. ಅದು ಮೀನು ಹಿಡಿಯುವ ಬಲೆ. ಮೀನು ಬರುವುದು ಹೊಟ್ಟೆಯಲ್ಲಿ.

ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಮೊದಲು ಹುಟ್ಟಿದ್ದು ದೊಡ್ಡದಾಗಿ ಹೆಚ್ಚು ಕಬಳಿಸುತ್ತದೆ. ಕೆರೆಯಲ್ಲಿ ನೀರು ಮೀನು ಕಡಿಮೆಯಾದ ವರ್ಷ ಕಿರಿಯದು ಸೊರಗುತ್ತದೆ. ನೂಕಾಟದಲ್ಲಿಯೋ ಗಾಳಿಗೋ ಮರಿ ಕೆಳಗೆ ಬಿದ್ದರೆ ತಾಯಿ ನೆಲಕ್ಕಿಳಿದು ಸಾಕುವುದಿಲ್ಲ. ನಾಯಿಯ ಪಾಲೇ ಸರಿ. 1994ರಲ್ಲಿ ಆರಂಭವಾದ ಹೆಜ್ಜಾರ್ಲೆ ಬಳಗದ ಊರವರು ಇಂಥ ಮರಿಗಳಿಗೆ ಆವರಣ ಕಟ್ಟಿ, ಮೀನು ತಿನ್ನಿಸಿ, ಹಾರಲು ಬಂದಾಗ ಬಿಟ್ಟಿದ್ದಾರೆ. ನಿಮಗೆ ಬಿದ್ದ ಮರಿ ಸಿಕ್ಕರೆ ನೆರಳಿನಲ್ಲಿರಿಸಿ, ನಾಯಿಗಳನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಿರಿ. ಬಾಯಿಗೆ ನೀರು ಹುಯ್ಯಬೇಡಿರಿ, ಅನ್ನ ತುರುಕಬೇಡಿರಿ. ಕಚ್ಚುತ್ತದೆಂದು ಕೊಕ್ಕನ್ನು ಬಿಗಿದು ಕಟ್ಟಲೇಬಾರದು. ಹೆಜ್ಜಾರ್ಲೆ ಉಸಿರಾಡುವುದು ಬಾಯಿಂದ.

ಮರದ ಒಡೆಯನಿಗೆ ಇದರಿಂದ ನಷ್ಟವಿಲ್ಲದಿಲ್ಲ. ಗೂಡಿರುವ ಮರದ ಹುಣಸೆಯನ್ನು ಬಡಿಯುವಂತಿಲ್ಲ. ಇದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. 2007ರಲ್ಲಿ ಇಲ್ಲಿ ಸಮುದಾಯ ಮೀಸಲು ಪ್ರದೇಶ ಘೋಷಣೆಯಾಯಿತು. ಪರಿಹಾರವು ಪೇಟೆ ಧಾರಣೆಗೆ ತಕ್ಕಂತಿರಬೇಕೆಂದು ಕೇಳುವುದು ನ್ಯಾಯವೇ ಸರಿ. ಹಿಕ್ಕೆಯಾದರೋ ಒಳ್ಳೆಯ ಗೊಬ್ಬರ. ಮೀನು ತಿಂದ ಹಕ್ಕಿಯದಾದ್ದರಿಂದ ಸಾರಜನಕ, ರಂಜಕ ಹೇರಳ. ಇಲ್ಲಿನವರು ಮರದಡಿ ಗುಂಡಿ ತೆಗೆದು, ಕೆರೆಗೋಡು ಬೆರೆಸಿ ಬಳಸುತ್ತಾ ಬಂದಿದ್ದಾರೆ. ಹಸಿ ಹಿಕ್ಕೆಯನ್ನು ನೇರವಾಗಿ ಪೈರಿನ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಕಳಿತ ಮೇಲೆ ಹಾಕಿರಿ.

ಮರಿ ಗೂಡು ಬಿಡಲು ಮೂರರಿಂದ ಐದು ತಿಂಗಳು ಬೇಕು. ಮರದ ಕೊಂಬೆ ಸವರುವುದಿದ್ದರೆ ಜೂನ್ ಕಳೆಯಲಿ. ಆಗಲೂ ಗೂಡುಗಳನ್ನೆಲ್ಲ ಕಣ್ಣಾರೆ ನೋಡಿ, ಬರಿದಾಗಿವೆಯೆಂದು ಖಾತ್ರಿಯಾದ ಮೇಲೆಯೇ ಕುಡುಗೋಲು ಎತ್ತಿರಿ.